ಬೀರವ್ವನ ಹಣೆಗೆ ಬರೆ ಬೇಡ

ಮಾಡಗ್ಯಾಳ ಊರಿನ ಕುರಿಗಾರ ಅಮೋಗಸಿದ್ದ ಬೆಳಿಗ್ಗೆಯೇ ಒಲೆಯಲ್ಲಿ ಕಬ್ಬಿಣದ ಸಲಾಕೆ ಕಾಯಿಸಲು ಇಟ್ಟಿದ್ದ. ಕುರಿಗೆ ಬೇನೆ ಬಂದರೆ ಅವನು ಬರೆ ಎಳೆಯುವುದು ಅದರಿಂದಲೇ. ಇವತ್ತಿನ ಸರದಿ ಕುರಿಯದ್ದಲ್ಲ, ಹೆಂಡತಿ ಬೀರವ್ವನದು.

ಬೀರವ್ವ ತಲೆಗೆ ಬಟ್ಟೆ ಬಿಗಿದು ಕತ್ತಲೆ ಮೂಲೆಯಲ್ಲಿ ಕೂತಿದ್ದಳು. ಎಡಗಡೆಯ ಅರ್ಧ ತಲೆ ಢವಢವ ಬಡಿಯುತ್ತಿತ್ತು. ಬೆಳಕು ಕಂಡರೆ ವಾಕರಿಕೆ, ಕುರಿ ಅರಚಿದರೆ ಜೀವ ಹೋದಂತೆ. ಎರಡು ವರ್ಷದಿಂದ ಇದೇ ಗೋಳು. ಭಾನುವಾರ ಮನೆದೇವರು ಬೀರಪ್ಪನ ವಾರವೆಂದು ಅವಳು ಉಪವಾಸ ಮಾಡುತ್ತಿದ್ದಳು. ನೋವೂ ಹೆಚ್ಚಾಗಿ ಅವತ್ತೇ ಬರುತ್ತಿತ್ತು. ದೇವರು ಮುನಿದನೆಂದು ಗುರುವಾರವೂ ಉಪವಾಸ ಹಿಡಿದಳು. ನೋವು ಗುರುವಾರಕ್ಕೂ ಬಂತು! ಅಂಗಡಿಯ ಗುಳಿಗೆ ದಿನಾ ನುಂಗಿದಳು, ಗುಣವಾಗಲಿಲ್ಲ. ಈಗ ಹಣೆ ಸುಟ್ಟರೂ ಸರಿ, ನೋವು ಹೋದರೆ ಸಾಕು ಅನ್ನುವಷ್ಟು ಸೋತಿದ್ದಳು.

"ಅಣ್ಣಾ, ಮೊದಲ ಆ ಸಲಾಕಿ ಬದಿಗಿಡ್ರಿ!" ಬಾಗಿಲಲ್ಲೇ ಕೂಗಿದವಳು ಆಶಾ ಕಾರ್ಯಕರ್ತೆ ನಂದಾ.

"ಕುರಿಗಿ ಹಾಕ್ತೀನಿ, ಚಲೋ ಆಗ್ತಾವ. ಈಕಿಗ್ಯಾಕ ಆಗೂದಿಲ್ಲ?"

"ಚಲೋ ಆತು ಅಂತ ಕುರಿ ಬಂದು ನಿಮಗ ಹೇಳ್ಯಾವೇನ್ರಿ?"

ನಂದಾ ಬೀರವ್ವನ ಪಕ್ಕ ಕೂತು ಮೊಬೈಲ್ ತೆಗೆದಳು. "ಇದರಾಗ ಕೃತಕ ಬುದ್ಧಿಮತ್ತೆ ಅದ. ತಲಿನೋವಿನ ಮಾಹಿತಿ ಡಾಕ್ಟರರು ಇದಕ್ಕ ಕೊಟ್ಟಾರ. ನಾವು ಕನ್ನಡದಾಗ ಕೇಳಿದ್ರ ಕನ್ನಡದಾಗ ಹೇಳ್ತದ."

ಮೊಬೈಲಿನಿಂದ ಹೆಣ್ಣು ದನಿಯೊಂದು ನಮಸ್ಕಾರ ಎಂದಿತು. "ಯಾವ ಊರಾಕಿ ಈಕಿ?" ಅಮೋಗಸಿದ್ದ ಕೇಳಿದ.

"ಊರಿಲ್ಲ, ಮನಿಯಿಲ್ಲ. ಅದು ಮಷೀನ್ ರಿ."

ಆ ದನಿ ಸಾವಕಾಶವಾಗಿ ಕೇಳಿತು. ನೋವು ಯಾವ ಕಡೆ? ವಾಂತಿ ಬರುತ್ತದೆಯೇ? ಗುಳಿಗೆ ವಾರಕ್ಕೆ ಎಷ್ಟು? ನೋವು ಬರುವ ಮೊದಲು ಏನು ಊಟ ಮಾಡಿದ್ದಿರಿ?

"ಏನೂ ಇಲ್ಲವ್ವ. ಐತವಾರ ಉಪಾಸ, ಗುರುವಾರ ಉಪಾಸ."

"ಇದು ಮೈಗ್ರೇನ್ ಇರಬಹುದು," ಎಂದಿತು ದನಿ. "ಖಾತ್ರಿ ಮಾಡಬೇಕಾದವರು ಡಾಕ್ಟರು. ಇದು ಮಿದುಳು, ನರಗಳ ಕಾಯಿಲೆ, ಯಾರ ಶಾಪವೂ ಅಲ್ಲ. ಹಸಿದಿದ್ದರೆ, ನಿದ್ದೆಗೆಟ್ಟರೆ, ಬಿಸಿಲು ಬಡಿದರೆ ಕೆಲವರಿಗೆ ನೋವು ಏಳುತ್ತದೆ. ನೋವಿನ ಗುಳಿಗೆ ದಿನಾ ನುಂಗಿದರೂ ತಲೆನೋವು ಹೆಚ್ಚಬಹುದು."

ಬೀರವ್ವನಿಗೆ ಅಳು ಉಕ್ಕಿತು. ನೋವು ಹೋಗಲೆಂದು ಹಿಡಿದ ಉಪವಾಸವೇ ನೋವು ತರುತ್ತಿತ್ತೇ? "ಹಂಗಾರ ಬೀರಪ್ಪ ಮುನದಿಲ್ಲೇನು?"

"ಹಸಗೊಂಡು ಒದ್ದಾಡು ಅಂತ ಆತ ಯಾವಾಗ ಹೇಳ್ಯಾನವ್ವ?" ನಂದಾ ಅವಳ ಕೈ ಹಿಡಿದಳು.

ಅಮೋಗಸಿದ್ದನಿಗೆ ಇನ್ನೂ ನಂಬಿಕೆಯಿಲ್ಲ. ಕಿವುಡರಿಗೆ ಹೇಳುವಂತೆ ಮೊಬೈಲಿಗೆ ಕೂಗಿದ: "ಬರಿ ಎಳದ್ರ ಏನಾಗ್ತದ?"

"ಚರ್ಮ ಸುಡುತ್ತದೆ, ಕೀವಾಗಬಹುದು. ಮೈಗ್ರೇನ್ ಹೋಗುವುದಿಲ್ಲ."

"ಮತ್ತ ನೀನ ಒಂದು ಔಷಧ ಹೇಳು!"

"ಔಷಧ ಕೊಡುವ ಕೆಲಸ ಡಾಕ್ಟರದು. ನನ್ನ ಮಾತು ತಪ್ಪಿರಲೂಬಹುದು. ಅವರಿಗೆ ತೋರಿಸಿರಿ."

ಅಮೋಗಸಿದ್ದ ತಲೆ ಕೆರೆದುಕೊಂಡ. "ತಪ್ಪಬಹುದು ಅಂತ ತಾನ ಒಪ್ಕೋತದಲ್ಲ! ನಾ ಒಂದಿನಾನೂ ಹಂಗ ಅಂದಿಲ್ಲ."

ಬೀರವ್ವ ಗೋಡೆ ಹಿಡಿದು ಎದ್ದಳು. ಕಾದ ಸಲಾಕೆಯನ್ನು ತಾನೇ ಎತ್ತಿ ನೀರಿನ ಬಕೆಟ್ಟಿಗೆ ಹಾಕಿದಳು. ಅದು ಚುಂಯ್ ಅಂದಿತು. "ನಡೀರಿ, ಜತ್ತದ ದವಾಖಾನಿಗೆ ಹೋಗೂನು," ಎಂದಳು.

ಜತ್ತದ ಡಾಕ್ಟರು ಪರೀಕ್ಷಿಸಿ ಮೈಗ್ರೇನ್ ಎಂದರು, ಔಷಧ ಕೊಟ್ಟರು, ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳಿದರು. ಬೀರವ್ವನಿಗೆ ಬರೆಯಲು ಬಾರದು. ನೋವು ಬಂದ ದಿನ ಗೋಡೆಗೆ ಇದ್ದಿಲಿನಿಂದ ಒಂದು ಚುಕ್ಕೆ ಇಡುತ್ತಾಳೆ. ಮೊದಲ ತಿಂಗಳು ಎಂಟು ಚುಕ್ಕೆ, ಮೂರನೆಯ ತಿಂಗಳು ಎರಡು. ಪೂರ್ತಿ ಹೋಗಿಲ್ಲ, ಆದರೆ ಬದುಕು ಕೈಗೆ ಬಂದಿದೆ. ಭಾನುವಾರ ಈಗ ರೊಟ್ಟಿ ತಿಂದೇ ಬೀರಪ್ಪನಿಗೆ ಭಂಡಾರದ ಅರಿಸಿನ ಹಚ್ಚುತ್ತಾಳೆ. ನಂದಾ ಬಂದರೆ ಏನಾದರೊಂದು ಕೇಳಲು ಮೊಬೈಲ್ ಮೊದಲು ಕಸಿದುಕೊಳ್ಳುವವನು ಅಮೋಗಸಿದ್ದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ತಲೆಗೆ ಬಟ್ಟೆ ಬಿಗಿದು ಕತ್ತಲೆಯಲ್ಲಿ ಕೂತಿದ್ದಾರೆಯೇ? ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ಯಂತ್ರದಿಂದ ತಿಳಿದುಕೊಳ್ಳಿ, ಔಷಧ ಮಾತ್ರ ಡಾಕ್ಟರರಿಂದ ಪಡೆಯಿರಿ. ಹಿಂದೆಂದೂ ಬರದಂಥ ನೋವು ಒಮ್ಮೆಲೇ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ ಮೊಬೈಲ್ ಕೇಳುತ್ತ ಕೂರಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಸಲಾಕೆ ಒಲೆಯಲ್ಲಿದ್ದರೆ ಇವತ್ತೇ ನೀರಿಗೆ ಹಾಕಿ.