ಒಬ್ಬರೇ ಆರು ಜನ

ಎಸಿ ನಿಂತಿತು, ನಿಂತಮೇಲೆಯೇ ಅದು ಇಷ್ಟು ಹೊತ್ತು ಗೊರಗೊರ ಅನ್ನುತ್ತಿತ್ತೆಂದು ತಿಳಿಯುವುದು, ಗಾಜಿನಾಚೆಯ ಕೋಣೆಯಲ್ಲಿ ಮುರುಗೆಪ್ಪ ಕಾಕಾ ಒಬ್ಬರೇ, ಮೊಣಕಾಲುಗಳ ನಡುವೆ ಆಳೆತ್ತರದ ಪಿಟೀಲಿನಂಥ ಚೆಲ್ಲೋ, ಕುತ್ತಿಗೆಯ ಸುತ್ತ ಕರವಸ್ತ್ರ, ಕಿಟಕಿಯಿಲ್ಲ, ಫ್ಯಾನಿಲ್ಲ, ಬಾಗಿಲಿನ ಅಂಚಿಗೆಲ್ಲ ರಬ್ಬರು — ಬಿಬವೇವಾಡಿಯ ಪಾತ್ರೆ ಅಂಗಡಿಯ ಕೆಳಗೆ, ನೆಲಮಾಳಿಗೆಯಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಹಿಡಿದರೆ ಇನ್ನೇನು ಸಿಗುತ್ತದೆ, ತಂಪು ಬೇಕೆಂದರೆ ಸದ್ದು ತಡೆದುಕೊಳ್ಳಬೇಕು, ಸದ್ದು ಬೇಡವೆಂದರೆ ಬೇಯಬೇಕು, ಬೇಯುತ್ತಿರುವವರು ಕಾಕಾ, ಈಚೆ ಕೂತ ಸುಮಂಗಲಾಳಿಗೆ ಟೇಬಲ್ ಫ್ಯಾನಿದೆ, ನಾಚಿಕೆಯಾಗಿ ಅದರ ಮುಖವನ್ನು ಗೋಡೆಗೆ ತಿರುಗಿಸಿದಳು, ಅದರಿಂದ ಕಾಕಾಗೇನು ಬಂತು. ಮಾಂತು ಮಾತ್ರ ಕುರ್ಚಿಯ ತುದಿಯಲ್ಲಿ ಕೂತು ಕಾಲು ಕುಣಿಸುತ್ತಿದ್ದಾನೆ, ಸಿನಿಮಾ ಅವನದು, ಸಂಗೀತ ಅವಳದು, ಕುರಕುಂಭದ ಕೆಮಿಕಲ್ ಕಾರ್ಖಾನೆಯಲ್ಲಿ ದುಡಿದು ದುಡಿದು ಉಸಿರು ಕಳೆದುಕೊಳ್ಳುವ ಒಬ್ಬ ಮನುಷ್ಯನ ಕಥೆ, ಅಕ್ಕಾ, ಕೊನೀಗೆ ದೊಡ್ಡ ಆರ್ಕೆಸ್ಟ್ರಾ ಬೇಕ್ರಿ, ಥೇಟರಿನ ಗ್ವಾಡಿ ನಡಗಬೇಕು, ಮಂದಿ ಮಾತ್ರ ಭಾಳ ಬ್ಯಾಡ್ರಿ, ಅಷ್ಟ ರೊಕ್ಕಿಲ್ರಿ, ಅಂದಿದ್ದ, ಮಂದಿಯಿಲ್ಲದ ಆರ್ಕೆಸ್ಟ್ರಾ, ಊಟವಿಲ್ಲದ ಮದುವೆ, ಆದರೂ ಒಪ್ಪಿಕೊಂಡಳು, ಮಗರಪಟ್ಟಾದ ಮಕ್ಕಳಿಗೆ ಕೀಬೋರ್ಡ್ ಕಲಿಸಿ ಕಲಿಸಿ ಕೂದಲು ಬೆಳ್ಳಗಾಗುವ ಹೊತ್ತಿಗೆ ಬಂದ ಮೊದಲ ಸಿನಿಮಾ, ಒಲ್ಲೆ ಅನ್ನುವುದಕ್ಕೆ ಅವಳಿಗೇನು ಹುಚ್ಚೇ. ಉಪಾಯ ಹಳೆಯದು, ಒಬ್ಬನೇ ವಾದಕ ಅದೇ ಸಾಲನ್ನು ಮತ್ತೆ ಮತ್ತೆ ನುಡಿಸುವುದು, ಪ್ರತಿ ಸಲವೂ ಕುರ್ಚಿ ಸರಿಸಿ ಬೇರೆ ಮೂಲೆಯಲ್ಲಿ ಕೂರುವುದು, ಆಮೇಲೆ ಒಂದರ ಮೇಲೊಂದು ಪದರ ಹಾಕಿದರೆ ಒಬ್ಬರೇ ಆರು ಜನ, ಪಿಟೀಲಿನವರು ಬೆಳಿಗ್ಗೆಯೇ ಹಾಗೆ ನುಡಿಸಿ ಹೋದರು, ಈಗ ಚೆಲ್ಲೋ, ಐದು ಪದರ ಆಗಿದೆ, ಒಂದೇ ಬಾಕಿ.

ಆ ಒಂದಕ್ಕೆ ಮೊದಲು ಐದನ್ನೂ ಕೂಡಿಸಿ ಕೇಳೋಣವೆಂದದ್ದೇ ತಪ್ಪಾಯಿತೇನೋ, ಮ್ಯಾಡಮ್, ಹೇ ಐಕಾ ನಾ, ಇದನ್ನು ಕೇಳಿ ಎಂದು ಮರಾಠಿಯಲ್ಲಿ ಹೇಳಿ ರೆಕಾರ್ಡಿಂಗಿನ ಮಂದಾರ ಹೆಡ್‌ಫೋನ್ ಚಾಚಿದ, ನಗುತ್ತಿರಲಿಲ್ಲ, ಹಾಕಿಕೊಂಡಳು, ಚೆಲ್ಲೋಗಳ ಸಾಲು ಎದ್ದು ಬಂತು, ಎದೆ ತುಂಬಿತು, ಆದರೆ ಸ್ವರಗಳ ನಡುವೆ ಇನ್ನೇನೋ, ಒದ್ದೆ ಕಟ್ಟಿಗೆ ಒಲೆಯಲ್ಲಿ ಸುಂಯ್ ಅನ್ನುವಂಥದು — ಮೈಕಿನದೇ, ತಂತಿಯದೇ, ಅಲ್ಲ, ಉಸಿರು, ಕಾಕಾ ಅವರ ಉಸಿರು, ಒಂದೊಂದೇ ಪದರದಲ್ಲಿ ಯಾರಿಗೂ ಕೇಳಿಸದೆ ಅಡಗಿದ್ದದ್ದು ಐದು ಸೇರಿದಾಗ ಹೊರಗೆ ಬಿದ್ದಿದೆ, ಬಿಡಿಸಿ ಹಾಕು ಮಂದಾರ, ಒಂದೊಂದೇ — ಮೊದಲನೆಯದರಲ್ಲಿ ಸಾಲಿನ ಆರಂಭಕ್ಕೊಂದು ಸಣ್ಣ ಉಸಿರು, ಯಾವ ವಾದಕನೂ ಎಳೆದುಕೊಳ್ಳುವಂಥದು, ಮೂರನೆಯದರಲ್ಲಿ ಸಾಲಿನ ಮಧ್ಯೆಯೇ, ಐದನೆಯದರಲ್ಲಿ ಸ್ವರಕ್ಕೊಂದು, ಒದ್ದೆಯಾಗಿ. ಮತ್ತು ಅವಳಿಗೆ ಮೊದಲು ಅನ್ನಿಸಿದ್ದೇನು, ಎಷ್ಟು ಚೆನ್ನಾಗಿದೆ ಎಂದು, ಛೀ, ಆಮೇಲೆಯೇ ಭಯ, ಆಮೇಲೆಯೇ ಕಾಕಾ ಅವರ ಹೆಂಡತಿ ಕಾಶವ್ವ ಕಾಕು ನೆನಪಾದದ್ದು, ಬೆಳಿಗ್ಗೆ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ, ಸುಮಾ, ಲಗೂ ಕಳಸವಾ, ರಾತ್ರಿ ಗ್ವಾಡಿಗೆ ಆನಕೊಂಡು ಕುಂತ ನಿದ್ದಿ ಮಾಡತಾರ, ಅಡ್ಡಾದ್ರ ದಮ್ಮ ಹತ್ತತದ, ಕೇಳಿಸಿಕೊಂಡಿದ್ದಳು, ಹೂಂ ಅಂದಿದ್ದಳು, ಅಷ್ಟರಲ್ಲಿ ಆಟೋದವನು ಹಾರ್ನ್ ಹೊಡೆದ, ಚೆಲ್ಲೋ ಆಟೋದಲ್ಲಿ ಹಿಡಿಯುತ್ತದೋ ಇಲ್ಲವೋ ಎಂಬುದೇ ಆಗಿನ ದೊಡ್ಡ ಚಿಂತೆ. ಕಾಕಾ ಅಪ್ಪನ ತಮ್ಮ, ಕುರಕುಂಭದ ಅಂಥದೇ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಮಿಕಲ್ ಡ್ರಮ್ಮುಗಳ ನಡುವೆ ಆಯುಷ್ಯ ಕಳೆದವರು, ರಜೆಯ ದಿನ ಕ್ಯಾಂಪ್ ಬಡಾವಣೆಗೆ ಹೋಗಿ ಗೋವಾದ ಮಾಸ್ತರರೊಬ್ಬರ ಹತ್ತಿರ ಚೆಲ್ಲೋ ಕಲಿತವರು, ಅವಳ ಬೆರಳು ಹಿಡಿದು ಮೊದಲ ಸ್ವರ ಒತ್ತಿಸಿದವರೂ ಅವರೇ, ಈ ಸಿನಿಮಾ ಎಂಥವರ ಕಥೆಯೆಂದು ಅವರಿಗೆ ಗೊತ್ತು, ಗೊತ್ತಿದ್ದೇ, ಸುಮಾ, ಇದನ್ನ ಬ್ಯಾರೆಯವರ ಕಡೆ ಬಾರಿಸಿದಿ ಅಂದ್ರ ನೋಡು ಮತ್ತ, ಅಂದಿದ್ದರು. ಅಕ್ಕಾ, ಇದ ರೀ — ಮಾಂತು ಇನ್ನೊಂದು ಹೆಡ್‌ಫೋನಿನಲ್ಲಿ ಕೇಳಿಬಿಟ್ಟಿದ್ದಾನೆ — ಈ ಉಸರು ತಗೀಬ್ಯಾಡ್ರಿ, ನಮ್ಮ ಹೀರೋನ ಉಸರು ಇದು, ಮೈಕ್ ಇನ್ನ ಸ್ವಲ್ಪ ಸನೇಕ ಇಡ್ರಿ, ಅವನ ಕಣ್ಣಲ್ಲಿ ನೀರು, ಕೆಟ್ಟ ಹುಡುಗನಲ್ಲ, ಅವಳಿಗನ್ನಿಸಿದ್ದನ್ನೇ ಅವನೂ ಅನ್ನುತ್ತಿದ್ದಾನೆ, ಅವಳಿಗೆ ಹೆದರಿಕೆಯಾದದ್ದು ಅದಕ್ಕೇ.

ಗುಂಡಿ ಒತ್ತಿದರೆ ಅವಳ ದನಿ ಆಚೆ ಕೇಳುತ್ತದೆ, ಒತ್ತಿದಳು, ಕಾಕಾ, ಆರಾಮ ಅದೀರೇನ್ರಿ, ಇವತ್ತಿಗೆ ಸಾಕು ಮಾಡೂಣೇನ್ರಿ, ಇದು ಕೇಳುವ ರೀತಿಯೇ, ಬೇಡ ಅನ್ನಲಿ ಎಂದೇ ಕೇಳಿದಂತಾಯಿತು, ಅವರು ತಲೆಯೆತ್ತಿದರು, ತುಟಿಯೇ ನೀಲಿಯೋ, ಟ್ಯೂಬ್‌ಲೈಟಿನ ಬಣ್ಣವೋ, ಏ ಹುಚ್ಚಿ, ಒಂದ ಬಾಕಿ ಅದ, ಹಿಡದ ಬಿಡು, ಆಮ್ಯಾಲ ಎಸಿ ಹಚ್ಚು — ಅಷ್ಟು ಹೇಳುವುದರಲ್ಲಿ ಎರಡು ಸಲ ನಿಂತರು, ಕಂಡಳು, ನಾಳೆಯಿಂದ ಸ್ಟುಡಿಯೋ ಬೇರೆಯವರದು, ಅದೂ ತಲೆಯಲ್ಲಿತ್ತು, ಬಾಗಿಲು ತೆರೆದು ಗಾಳಿ ಬಿಡಬೇಕು, ಕೈಹಿಡಿದು ಮೇಲೆ ಕರೆದೊಯ್ಯಬೇಕು, ಆಸ್ಪತ್ರೆಗೆ, ಇದಾದಮೇಲೆ, ಇದೊಂದಾದಮೇಲೆ, ಬೆರಳು ಗುಂಡಿಯಿಂದ ಎದ್ದಿತು, ಕೆಂಪು ದೀಪ ಹತ್ತಿತು. ಐದು ಕಾಕಾಗಳು ಕಿವಿಯಲ್ಲಿ ಹೊರಟರು, ಆರನೆಯವರು ಗಾಜಿನಾಚೆ ಕಮಾನು ಎಳೆದರು, ಎಂಥ ನಾದ, ಜನ್ಮದಲ್ಲಿ ಹೀಗೆ ನುಡಿಸಿದ್ದಿಲ್ಲ ಅವರು, ನಿಲ್ಲಿಸು, ಬೇಡ, ಇನ್ನೆರಡು ಸಾಲು, ನಿಲ್ಲಿಸೇ ಪಾಪಿ, ಇನ್ನೊಂದೇ, ಕೊನೆಯ ಸ್ವರ, ಉದ್ದ, ಇಳಿದು ಇಳಿದು ಮುಗಿಯಿತು, ಮುಗಿದಮೇಲೂ ಯಾರೂ ಅಲುಗಾಡಬಾರದು, ನಾದ ಪೂರ್ತಿ ಆರುವವರೆಗೆ ಬಟ್ಟೆ ಸರಿದರೂ ಕೆಟ್ಟಿತು, ಅದು ಇಲ್ಲಿಯ ಶಿಸ್ತು, ಕಾಕಾ ಅವರೇ ಕಲಿಸಿದ್ದು, ಕಮಾನ ತಂತಿ ಮ್ಯಾಲ ಇಟ್ಟ ಸುಮ್ಮ ಕುಂಡ್ರಬೇಕು ಅನ್ನುತ್ತಿದ್ದರು, ಅದಕ್ಕೇ ಕಮಾನು ತಂತಿಯ ಮೇಲೆಯೇ ಇದೆ, ತಲೆ ಚೆಲ್ಲೋದ ಕುತ್ತಿಗೆಗೆ ಒರಗಿದೆ, ದಣಿದಿದ್ದಾರೆ, ಮಾಂತು ಬಾಯಿಗೆ ಕೈ ಅಡ್ಡ ಹಿಡಿದಿದ್ದಾನೆ, ಮಂದಾರ ಬೆರಳೆತ್ತಿ ಎಲ್ಲರನ್ನೂ ತಡೆದಿದ್ದಾನೆ, ಕಿವಿಯಲ್ಲಿ ಪದರಗಳು ಒಂದೊಂದಾಗಿ ಉಸಿರು ಬಿಡುತ್ತವೆ, ಒಂದು, ಎರಡು, ಮೂರು, ನಾಲ್ಕು, ಐದು — ಆರನೆಯದು ಬರಲಿ, ಬಂದರೆ ಮುಗಿಯಿತು, ಓಡಿಹೋಗಿ ಬಾಗಿಲು ತೆರೆಯುತ್ತಾಳೆ, ಬರಲಿ — ಕಮಾನು ತಂತಿಯ ಮೇಲೆ, ತುದಿ ನಡುಗುವುದೂ ಇಲ್ಲ, ಕೆಂಪು ದೀಪ ಉರಿಯುತ್ತಲೇ ಇದೆ, ಕಾಕಾ, ಸಾಕ್ರಿ, ಕಮಾನ ಇಳಸ್ರಿ, ಗುಂಡಿ ಒತ್ತದೆಯೇ ಹೇಳುತ್ತಾಳೆ, ಆರನೆಯದು, ಇನ್ನೂ — ಕಮಾನು ತಂತಿಯ ಮೇಲೆ, ಕಮಾನು ತಂತಿಯ ಮೇಲೆಯೇ —