ನಾಲ್ಕು ಸಾವಿರದ ನಾಲ್ಕುನೂರು

೨೦೨೩ರ ಮೇ ೧೬, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಸುಹಾಸಿನಿ ಪ್ರಶ್ನೆಯನ್ನು ಪೂರ್ತಿ ಓದುವ ಮೊದಲೇ ನಿಶಾಂತ ಉತ್ತರ ಹೇಳಿಬಿಟ್ಟ.

"ನಾಕ ಸಾವಿರದ ನಾಕನೂರ ಫೂಟ್ ರೀ, ಮೇಡಂ."

"ಪ್ರಶ್ನಿ ಇನ್ನೂ ಮುಗಿದಿಲ್ಲಪ್ಪಾ."

"ಗೊತ್ತೈತ್ರಿ. ಎರಡ ಸಾವಿರ ಅಂದ್ರಲ್ಲ, ಅದರ ಮುಂದ ಇದ ಬರೋದು."

ತಗಡಿನ ಮಾಡಿನ ಆ ತರಗತಿಯಲ್ಲಿ ಅವರಿಬ್ಬರೇ ಇದ್ದರು. ಮೂಲೆಯ ಕೂಲರು ನೀರಿಲ್ಲದೆ ಬಿಸಿಗಾಳಿಯನ್ನೇ ತಿರುಗಿಸಿ ಮುಖಕ್ಕೆ ಊದುತ್ತಿತ್ತು. ಕುಷಾಯಿಗೂಡ ದಾಟಿ, ಊರು ಮುಗಿದು ಬಂಡೆಗಳು ಶುರುವಾಗುವ ಕಡೆ ಇದ್ದ ಈ ವಿಮಾನ ತರಬೇತಿ ಶಾಲೆಯಲ್ಲಿ ಸುಹಾಸಿನಿ ಹವಾಮಾನ ಮತ್ತು ವಿಮಾನದ ಸಾಮರ್ಥ್ಯದ ಪಾಠ ಹೇಳುತ್ತಿದ್ದಳು. ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಹಿಮಾಯತ್‌ನಗರದ ಕಾಲೇಜೊಂದರಲ್ಲಿ ಕೆಲಕಾಲ ಕಲಿಸಿ, ಇಲ್ಲಾದರೂ ಓದಿದ್ದು ಗಾಳಿಯಲ್ಲಿ ಕೆಲಸಕ್ಕೆ ಬರುತ್ತದೆಂದು ನಂಬಿ ಬಂದವಳು. ಇಲ್ಲಿ ಅವಳ ಪಾಠಕ್ಕೆ 'ಗ್ರೌಂಡ್ ಕ್ಲಾಸು' ಎಂದು ಹೆಸರು. ಆ ಹೆಸರನ್ನು ಹುಡುಗರು ಉಚ್ಚರಿಸುವ ರೀತಿಯಲ್ಲೇ ಅದು ಬೇಗ ಮುಗಿಯಬೇಕಾದ ಸಂಗತಿಯೆಂದು ತಿಳಿಯುತ್ತಿತ್ತು.

ಹುಡುಗನೊಬ್ಬ ಒಂಟಿಯಾಗಿ ದೂರದ ಹಾರಾಟಕ್ಕೆ ಹೊರಡುವ ಮೊದಲು ಗ್ರೌಂಡ್ ಕ್ಲಾಸಿನವರು ಅವನನ್ನು ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿ, ಹಾರಿಸುವ ಬೋಧಕನಿಗೆ 'ಆಯಿತು' ಎನ್ನಬೇಕು. ಅದು ಶಾಲೆಯ ಪದ್ಧತಿ. ಮದುವೆಮನೆಯಲ್ಲಿ ಊಟವಾಯಿತೇ ಎಂದು ವಿಚಾರಿಸುವಂಥ ಶಾಸ್ತ್ರ ಅದು. ಇಲ್ಲ ಎಂಬ ಉತ್ತರವನ್ನು ಯಾರೂ ನಿರೀಕ್ಷಿಸುವುದಿಲ್ಲ. ಸುಹಾಸಿನಿಯೂ ಇವತ್ತು ಆಯಿತು ಎನ್ನುವವಳೇ ಇದ್ದಳು. ಆದರೆ ಪ್ರಶ್ನೆ ಓದುವಾಗ ಕಣ್ಣು ಕಿಟಕಿಯಾಚೆಗೆ ತೂಗುಹಾಕಿದ್ದ ಥರ್ಮಾಮೀಟರಿನ ಮೇಲೆ ಬಿದ್ದು, ಪುಸ್ತಕದಲ್ಲಿದ್ದ ಉಷ್ಣಾಂಶದ ಬದಲು ಅಲ್ಲಿ ಕಂಡದ್ದನ್ನು ಓದತೊಡಗಿದ್ದಳು.

"ಇನ್ನೊಮ್ಮಿ ಕೇಳು. ಪ್ರೆಶರ್ ಆಲ್ಟಿಟ್ಯೂಡ್, ಗಾಳಿಯ ಒತ್ತಡದ ಲೆಕ್ಕದಾಗ ನಮ್ಮ ಎತ್ತರ, ಎರಡು ಸಾವಿರ ಅಡಿ. ಉಷ್ಣಾಂಶ ನಲವತ್ತೊಂದು ಡಿಗ್ರಿ."

"ಮೂವತ್ತೊಂದ್ರಿ."

"ನಲವತ್ತೊಂದು ಅಂದೆ."

"ಬುಕ್ಕಿನಾಗ ಮೂವತ್ತೊಂದ ಐತ್ರಿ ಮೇಡಂ. ನಿಮ್ಮ ಕಾಪಿಯೊಳಗ ಪ್ರಿಂಟ್ ತಪ್ಪಾಗಿರಬೇಕು."

ಅವನು ಹೇಳಿದ ಬುಕ್ಕು ಕೋಠಿ ಬಜಾರಿನ ಫುಟ್‌ಪಾತಿನಲ್ಲಿ ಸಿಗುವ, ಜೆರಾಕ್ಸ್ ಮಾಡಿ ಸುರುಳಿ ತಂತಿ ಹಾಕಿದ ಪ್ರಶ್ನೋತ್ತರಗಳ ಕಟ್ಟು. ಪರೀಕ್ಷೆಯಲ್ಲಿ ಬರುವುದೆಲ್ಲ ಅದರಲ್ಲಿದೆಯೆಂದು ಹುಡುಗರ ನಂಬಿಕೆ. ಬಹಳ ಮಟ್ಟಿಗೆ ಅದು ನಿಜವೂ ಆಗಿತ್ತು.

"ಹೊರಗ ನೋಡು," ಎಂದಳು ಸುಹಾಸಿನಿ. "ಆ ಥರ್ಮಾಮೀಟರಿನಾಗೂ ಪ್ರಿಂಟ್ ತಪ್ಪೈತೇನು?"

ನಿಶಾಂತ ತಿರುಗಿ ನೋಡಿ ನಕ್ಕ. ಆಮೇಲೆ ಪೆನ್ನು ತೆಗೆದ. ಹಾಳೆಯ ಮೇಲೆ ಎರಡು ಸಾವಿರ ಎಂದು ಬರೆದ, ಕೆಳಗೆ ನಲವತ್ತೊಂದು ಎಂದು ಬರೆದ, ಎರಡರ ನಡುವೆ ಕೂಡಿಸುವ ಗುರುತು ಹಾಕಿದ, ಅದನ್ನು ಹೊಡೆದುಹಾಕಿದ. ಹವಾಮಾನದ ಪತ್ರಿಕೆಯಲ್ಲಿ ತೊಂಬತ್ನಾಲ್ಕು ಅಂಕ ತೆಗೆದು, ಇಡೀ ಬ್ಯಾಚಿಗೆ ಉಸ್ಮಾನಿಯಾ ಬಿಸ್ಕೀಟು ಹಂಚಿದವನು.

"ಲೆಕ್ಕ ಬಿಡು," ಎಂದಳು. "ಈ ಬಿಸಿಲಿಗೆ ಗಾಳಿಗೆ ಏನಾಗತೈತಿ, ಅಷ್ಟ ಹೇಳು."

"ಬಿಸಿ ಆಗತೈತ್ರಿ."

"ಬಿಸಿಯಾದ್ರ?"

ಅವನು ಮೇಲೆ ತಗಡನ್ನು ನೋಡಿದ. ಅವನಿಂದ ಬರಬೇಕಿದ್ದ ಉತ್ತರ ಇಷ್ಟೇ: ಗಾಳಿ ಕಾದು ತೆಳುವಾಗುತ್ತದೆ; ರೆಕ್ಕೆಗೆ ಹಿಡಿತ ಸಿಗುವುದಿಲ್ಲ, ಎಂಜಿನ್ನಿಗೆ ಉಸಿರು ಸಾಲುವುದಿಲ್ಲ; ನೆಲದ ಮೇಲೆ ನಿಂತಿದ್ದರೂ ವಿಮಾನದ ಪಾಲಿಗೆ ತಾನು ಎಲ್ಲೋ ಬೆಟ್ಟದ ತುದಿಯಲ್ಲಿದ್ದಂತೆ. ಅದು ಎಷ್ಟು ಎತ್ತರದ ಬೆಟ್ಟ ಎಂಬುದೇ ಅವಳು ಕೇಳಿದ ಲೆಕ್ಕ. ಇದನ್ನು ಜನವರಿಯಲ್ಲಿ ಹಲಗೆಯ ಮೇಲೆ ಚಿತ್ರ ಬರೆದು ಹೇಳಿದ್ದಳು. ಅರ್ಧ ಗಂಟೆ ಹೇಳಿದ್ದಳು. ಅಷ್ಟಕ್ಕೇ ಸಮಯ ಇತ್ತು.

"ನಿಶಾಂತ, ಇವತ್ತ ನಾ ಆಯಿತು ಅನ್ನಂಗಿಲ್ಲ."

ಹುಡುಗನ ಮುಖ ಕೆಂಪಾಯಿತು. "ಹಂಗನಬ್ಯಾಡ್ರಿ ಮೇಡಂ. ಯುಗಾದಿಯಿಂದ ಕಾಯಾಕತ್ತೀನಿ. ಐದ ವಿಮಾನದಾಗ ಮೂರು ಶೆಡ್ಡಿನಾಗ ಬಿದ್ದಾವು. ಇವತ್ತ ಬಿಟ್ರ ಮತ್ತ ನನ್ನ ಪಾಳಿ ಯಾವಾಗ ಬರತೈತೋ ಏನೋ. ಅವ್ವ ಕಾಲನಿ ತುಂಬ ಹೇಳ್ಯಾಳ್ರಿ, ನನ್ನ ಮಗ ಇವತ್ತ ಒಬ್ಬನ ಹೊಂಟಾನ ಅಂತ."

"ನಿಮ್ಮವ್ವಗ ನಾ ಬೇಕಾದ್ರ ಮಾತಾಡ್ತೀನಿ."

"ಏನಂತ ಮಾತಾಡ್ತೀರಿ? ನೀವ ಕಲಿಸಿದ್ದು ನನಗ ಬರಂಗಿಲ್ಲ ಅಂತನ?" ಅವನು ಪೆನ್ನನ್ನು ಹಾಳೆಯ ಮೇಲೆ ಎಸೆದ. "ಪ್ರಶ್ನಿ ಪೂರಾ ಓದಿ ಟೈಮ್ ಹಾಳ ಮಾಡಬ್ಯಾಡ್ರಿ, ಮೊದಲನೇ ಅಂಕಿ ಕಂಡ ಕೂಡಲೇ ಉತ್ತರ ಹಚ್ಚರಿ ಅಂತ ಹೇಳಿದವ್ರು ಯಾರ್ರಿ? ಎರಡ ಸಾವಿರ ಕಂಡ್ರ ನಾಕ ಸಾವಿರದ ನಾಕನೂರ. ಮಗ್ಗಿ ಹೇಳಿಸಿದಂಗ ಹೇಳಿಸಿದ್ರಿ ನಮಗ. ಈಗ ನಲವತ್ತೊಂದ ಅಂತೀರಿ."

ಪರೀಕ್ಷೆಗೆ ಮುಂಚಿನ ವಾರ ಇಪ್ಪತ್ತೆರಡು ಹುಡುಗ ಹುಡುಗಿಯರು ಇದೇ ಕೋಣೆಯಲ್ಲಿ ಒಂದೇ ಸ್ವರದಲ್ಲಿ ಹಾಗೆ ಹೇಳಿದ್ದರು. ಸುಹಾಸಿನಿ ಡಸ್ಟರಿನಿಂದ ಮೇಜಿಗೆ ಬಡಿದು ತಾಳ ಹಾಕಿದ್ದಳು. ಇಪ್ಪತ್ತೊಂದು ಜನ ಪಾಸಾದರು. ಗೇಟಿನ ಬಳಿಯ ಬ್ಯಾನರಿನಲ್ಲಿ ಈಗಲೂ ಅವಳ ಫೋಟೋ ಇತ್ತು.

ಬಾಗಿಲಲ್ಲಿ ಶಾಲೆಯ ಡೈರೆಕ್ಟರ್ ವಿಶ್ವಜಿತ್ ಕಾಣಿಸಿಕೊಂಡರು. ಅವರ ಹಿಂದೆಯೇ ಬಂದ, ಹಾರಿಸಲು ಕಲಿಸುವ ಬೋಧಕ ಭರತ ತಲೆಗೆ ಒದ್ದೆ ಕರ್ಚೀಫು ಕಟ್ಟಿಕೊಂಡಿದ್ದ.

"ಕ್ಯಾ ಹುವಾ ಮೇಡಂ? ವಿಮಾನಕ್ಕೆ ಎಣ್ಣೆ ತುಂಬಿಸಿಯಾಯಿತು, ಇಲ್ಲಿ ಇನ್ನೂ ಪಾಠವೇ ನಡೀತಿದೆಯಾ?" ವಿಶ್ವಜಿತ್ ಹಿಂದಿಯಲ್ಲಿ ಕೇಳಿದರು.

"ಸರ್, ಈ ಬಿಸಿಲಲ್ಲಿ ವಿಮಾನ ಹೇಗೆ ಏಳುತ್ತದೆ ಅನ್ನುವುದು ಇವನಿಗೆ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಕಳಿಸೋಣ. ಇವತ್ತು ನಾನು ಕೂರಿಸಿ ಹೇಳಿಕೊಡ್ತೀನಿ."

"ನಾಳೆ ಬೆಳಿಗ್ಗೆ ಧನಶ್ರೀ ಪಾಳಿ, ಮಧ್ಯಾಹ್ನ ಸೂರಜ್. ಇವನು ಪರೀಕ್ಷೆ ಪಾಸಾಗಿದ್ದಾನೋ ಇಲ್ಲವೋ?"

"ಪಾಸಾಗಿದ್ದಾನೆ. ಅದೇ ತೊಂದರೆ."

ಭರತ ನಕ್ಕುಬಿಟ್ಟ. ವಿಶ್ವಜಿತ್ ನಗಲಿಲ್ಲ. "ನೋಡಿ ಮೇಡಂ, ಹಾರಿಸೋದನ್ನು ಭರತ ಕಲಿಸ್ತಾನೆ. ನೀವು ಪಾಸು ಮಾಡಿಸಿ, ಅಷ್ಟು ಸಾಕು. ನಿಮ್ಮಷ್ಟು ಚೆನ್ನಾಗಿ ಪಾಸು ಮಾಡಿಸೋರು ಈ ಊರಲ್ಲೇ ಇಲ್ಲ. ಜೂನ್ ಬ್ಯಾಚಿಗೆ ಮೂರು ತಿಂಗಳ ಗ್ರೌಂಡ್ ಕ್ಲಾಸನ್ನು ಆರೇ ವಾರಕ್ಕೆ ಇಳಿಸೋಣ ಅಂತಿದ್ದೀನಿ, ನಿಮ್ಮ ಮೇಲಿನ ಭರವಸೆಯಿಂದಲೇ."

ಹೊಗಳಿಕೆ ಕಪಾಳಕ್ಕೆ ಬಿದ್ದಂತಾಯಿತು. ಮೂರು ತಿಂಗಳಲ್ಲಿ ಅರ್ಧ ಗಂಟೆ ಸಿಕ್ಕಿದ್ದ ಪಾಠಕ್ಕೆ ಆರು ವಾರದಲ್ಲಿ ಎಷ್ಟು ಸಿಗುತ್ತದೆಂದು ಅವಳ ತಲೆ ತಾನಾಗಿಯೇ ಭಾಗಿಸಿತು.

"ನಾನು ಆಯಿತು ಅನ್ನೋದಿಲ್ಲ ಸರ್," ಎಂದಳು.

"ಹಾಗಾದರೆ ನಿಮ್ಮ ಬದಲು ನಾನೇ ಅಂತೀನಿ. ಆಯಿತು."

ಭರತ ಕರ್ಚೀಫು ಬಿಚ್ಚಿ ಹಿಂಡಿದ. "ಅರೆ, ಜಗಳ ಯಾಕೆ? ಮೇಡಂ, ಒಂದು ಸುತ್ತು ನಾನೂ ಪಕ್ಕದಲ್ಲಿ ಕೂತು ಹೋಗಿ ಬರ್ತೀನಿ. ಸರಿಯಿದ್ದರೆ ನಾನು ಇಳೀತೀನಿ, ಅವನು ಹೋಗಲಿ. ಠೀಕ್ ಹೈ ನಾ?"

ಠೀಕ್ ಆಗಿರಲಿಲ್ಲ. ಆದರೆ ಅದಕ್ಕಿಂತ ಹೆಚ್ಚಿನದು ಅವಳ ಕೈಯಲ್ಲಿರಲಿಲ್ಲ.

ವಿಮಾನದ ತನಕ ಅವಳು ನಿಶಾಂತನ ಜೊತೆ ನಡೆದಳು. ಛತ್ರಿ ಬಿಚ್ಚಿದರೂ ಡಾಂಬರಿನ ಕಾವು ಸೀರೆಯ ಅಂಚಿನೊಳಗೆ ಏರುತ್ತಿತ್ತು. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಕಂಬಕ್ಕೆ ಅಂಟಿಕೊಂಡು ಜೋತುಬಿದ್ದಿತ್ತು. ಎಂಟುನೂರು ಮೀಟರಿನ ರನ್‌ವೇ. ಅದರ ಅಂಚಿಗೆ ಅರವತ್ತು ಮೀಟರಿಗೊಂದರಂತೆ ಸುಣ್ಣ ಬಳಿದ ಕಲ್ಲುಗಳು. ರನ್‌ವೇ ಮುಗಿದಲ್ಲಿ ಒಂದರ ಮೇಲೊಂದು ಕುಳಿತ ಬಂಡೆಗಳ ಗುಡ್ಡ.

"ಬೆಳಿಗ್ಗೆ ಎಷ್ಟನೇ ಕಲ್ಲಿಗೆ ಏಳತೀ?" ಎಂದು ಕೇಳಿದಳು.

"ಐದನೇದಕ್ಕ." ಅವನು ಅವಳ ಮುಖ ನೋಡಲಿಲ್ಲ.

"ಈಗ?"

"ಐದನೇದಕ್ಕ ರೀ. ವಿಮಾನ ಬ್ಯಾರೆ ಅಲ್ಲ, ರನ್‌ವೇ ಬ್ಯಾರೆ ಅಲ್ಲ."

"ಎಣಿಸು. ಅಷ್ಟ ಕೇಳ್ತೀನಿ ನಿನ್ನ."

ಅವನು ಎಡಗಡೆಯ ಬಾಗಿಲು ತೆಗೆದು ಹತ್ತಿದ.

ಸುಹಾಸಿನಿ ರನ್‌ವೇಯ ಪಕ್ಕದ ಬೇವಿನ ಮರದ ಕೆಳಗೆ ನಿಂತಳು. ಎಂಜಿನ್ನಿನ ಸದ್ದು ಏರಿತು. ಏರಿದ್ದು ಸಾಲದೆನ್ನುವ ಹಾಗೆ ಅಲ್ಲೇ ನಿಂತಿತು. ವಿಮಾನ ಹೊರಟಿತು. ಒಂದನೆಯ ಕಲ್ಲು, ಎರಡನೆಯದು, ಮೂರನೆಯದು. ನಾಲ್ಕನ್ನು ಅದು ಅವಸರವಿಲ್ಲದೆ ದಾಟಿತು. ಐದನ್ನು ದಾಟುವಾಗಲೂ ಚಕ್ರಗಳು ನೆಲದ ಮೇಲೇ ಇದ್ದವು. ಅದರಾಚೆ ಡಾಂಬರಿನಿಂದ ಏಳುವ ಬಿಸಿಲ ಝಳದಲ್ಲಿ ಕಲ್ಲುಗಳೆಲ್ಲ ಕರಗಿ ನೀರಾಗಿದ್ದವು; ಚಕ್ರವೂ ಅದರಲ್ಲಿ ಮುಳುಗಿತು. ಅವಳು ಛತ್ರಿ ಮಡಿಸಿ ಕಣ್ಣು ಕಿರಿದು ಮಾಡಿ ನೋಡಿದರೂ ಎಲ್ಲಿ ಎದ್ದಿತೆಂದು ತಿಳಿಯಲಿಲ್ಲ. ವಿಮಾನ ಮತ್ತೆ ಕಂಡಾಗ ಅದು ಬಂಡೆಗಳ ಗುಡ್ಡದ ಪಕ್ಕದಲ್ಲಿತ್ತು, ಮೇಲೇರಲು ಮನಸ್ಸಿಲ್ಲದ ಹಾಗೆ ಮೂತಿ ಎತ್ತಿಕೊಂಡು, ಬಲಕ್ಕೆ ಸರಿಯುತ್ತ.

ಒಂದು ಸುತ್ತು ಮುಗಿಸಿ ವಿಮಾನ ಇಳಿದು ಹೊರಟ ಜಾಗಕ್ಕೇ ಬಂದು ನಿಂತಿತು. ಎಂಜಿನ್ ನಡೆಯುತ್ತಿರುವಂತೆಯೇ ಭರತ ಬಲಗಡೆಯ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟ. ಅಂದರೆ, ಇನ್ನು ನೀನೊಬ್ಬನೇ ಹೋಗು. ಆಫೀಸಿನ ವರಾಂಡಾದಿಂದ ವಿಶ್ವಜಿತ್ ಹೆಬ್ಬೆರಳು ಎತ್ತಿ ತೋರಿಸಿದರು.

ಪ್ರೊಪೆಲ್ಲರ್ ಒಮ್ಮೆ ಎಡವಿದಂತೆ ಮಾಡಿ ನಿಂತುಹೋಯಿತು.

"ಏಮಯ್ಯಿಂದಿರಾ?" ಭರತ ಅವಸರದಲ್ಲಿ ತನ್ನ ತೆಲುಗಿಗೆ ಜಾರಿದ್ದ. ಏನಾಯಿತೋ ಎಂದು ಅವನು ಎರಡು ಸಲ ಕೇಳಿದ. ಎಂಜಿನ್ ಆರಿಸಿದ್ದು ನಿಶಾಂತನೇ. ಅವನು ಹೆಡ್‌ಸೆಟ್ ತೆಗೆದು ಸೀಟಿನ ಮೇಲಿಟ್ಟು ಇಳಿದು, ನೇರ ಬೇವಿನ ಮರದ ಕಡೆ ಬಂದ. ಅಂಗಿ ಮೈಗೆ ಅಂಟಿತ್ತು.

"ಐದರ ತನಕ ಎಣಿಸಿದ್ನಿರಿ," ಎಂದ. "ಆಮ್ಯಾಲೆ ಮರತೆ. ಬಂಡೆಗಲ್ಲ ಎದುರಿಗೆ ಬಂದಂಗಾತು. ಚಕ್ರ ನೆಲ ಬಿಡೋ ಹೊತ್ತಿಗೆ ಎಡಕ್ಕ ಒಂದ ಕರೀ ಕಲ್ಲ ಕಂಡಿತ್ತು, ಸುಣ್ಣ ಹೋದದ್ದು. ಅದು ಎಷ್ಟನೇದು ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಇಲ್ಲಿಂದ ಕಾಣಲಿಲ್ಲ."

"ನಡೀರಿ, ನೋಡೂಣು."

ಅವರು ರನ್‌ವೇಯ ಅಂಚು ಹಿಡಿದು ಹೊರಟರು. ವರಾಂಡಾದಿಂದ ಯಾರೋ ಕೂಗಿದರು. ಸುಹಾಸಿನಿಯ ಚೀಲದೊಳಗೆ ಫೋನು ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ಅವಳು ಛತ್ರಿಯನ್ನು ಹುಡುಗನ ತಲೆಯ ಮೇಲೂ ಬರುವಂತೆ ಹಿಡಿದಳು. ಅವನು ಪ್ರತಿ ಕಲ್ಲಿನ ಹತ್ತಿರ ಬಗ್ಗಿ, ಬಿಸಿಗೆ ಬೆರಳು ಹಿಂದೆಳೆದುಕೊಳ್ಳುತ್ತ, ಅದನ್ನು ಮುಟ್ಟಿ ಮುಂದೆ ಹೋಗುತ್ತಿದ್ದ.

"ಈ ಎತ್ತರಕ್ಕ ಗಾಳಿ ಎಷ್ಟ ತಣ್ಣಗ ಇರಬೇಕಿತ್ರಿ, ಪುಸ್ತಕದ ಪ್ರಕಾರ?" ನಾಲ್ಕನೆಯ ಕಲ್ಲಿನ ಬಳಿ ಕೇಳಿದ.

"ಹನ್ನೊಂದು ಡಿಗ್ರಿ."

"ನಲವತ್ತೊಂದರಾಗ ಹನ್ನೊಂದ ಹೋದ್ರ ಮೂವತ್ತು. ಒಂದ ಡಿಗ್ರಿಗೆ?"

"ನೂರಾ ಇಪ್ಪತ್ತು ಅಡಿ ಕೂಡಿಸಬೇಕು."

ಅವನು ನಡೆಯುತ್ತಲೇ ತುಟಿ ಅಲ್ಲಾಡಿಸಿದ. ಮೂವತ್ತನ್ನು ನೂರಾ ಇಪ್ಪತ್ತರಿಂದ ಗುಣಿಸಿ, ಮೊದಲಿನ ಎರಡು ಸಾವಿರಕ್ಕೆ ಕೂಡಿಸುವುದಕ್ಕೆ ಒಂದು ಕಲ್ಲಿನಷ್ಟು ದೂರ ಹಿಡಿಯಿತು. "ಐದ ಸಾವಿರದ ಆರನೂರ," ಎಂದ, ಯಾರಿಗೂ ಅಲ್ಲದಂತೆ. ಐದನೆಯ ಕಲ್ಲು ಬೆಳ್ಳಗಿತ್ತು. ಅದನ್ನು ಮುಟ್ಟದೆ ದಾಟಿದ. ಆರನೆಯದೂ ಬೆಳ್ಳಗಿತ್ತು.

ಅದರ ಮುಂದಿನದು ಕರ್ರಗಿತ್ತು. ಸುಣ್ಣ ಪೂರ್ತಿ ಹಾರಿ, ಒಂದು ಮೂಲೆ ಒಡೆದಿತ್ತು. ನಿಶಾಂತ ಅದರ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಬಂದ ದಾರಿಯನ್ನು ಒಮ್ಮೆ, ಬಂಡೆಗಳನ್ನು ಒಮ್ಮೆ ನೋಡಿದ. ಸುಹಾಸಿನಿ ಛತ್ರಿ ಹಿಡಿದು ನಿಂತೇ ಇದ್ದಳು.

ಏಳನೆಯ ಕಲ್ಲು. ನಾನೂರ ಇಪ್ಪತ್ತು ಮೀಟರ್.