ದೇವಿಂದ್ರಪ್ಪನ ಗುರುವಾರ

ಗೋಡೆಗೆ ಒರಗಿಸಿ ಕೂರಿಸಿದ್ದ ದೇವಿಂದ್ರಪ್ಪನ ದೇಹ ಎಡಕ್ಕೆ ವಾಲತೊಡಗಿದಾಗ, ಬಾಗಿಲಾಚೆ ನಿಂತಿದ್ದ ಬಸವಂತರಾಯ ಒಳಗೆ ನುಗ್ಗಿ ಭುಜ ಹಿಡಿದ.

“ಯಾರಂವಾ? ಬಸ್ಯಾ ಅಲ್ಲೇನು? ಮೊದಲ ಹೊರಗ ನಡಿ,” ಎಂದ ವಿಶ್ವರಾಧ್ಯ. ಅವನು ಸತ್ತವನ ಅಣ್ಣ. ಬೆಳಗಿನ ಮೊದಲ ಬಸ್ಸಿಗೆ ಬಳಿಚಕ್ರದಿಂದ ಶಹಾಪುರಕ್ಕೆ ಬಂದಿದ್ದ. “ನನ್ನ ತಮ್ಮಗ ಗಾಂಜಾ ಕಲಿಸಿದಾಂವ ಇವನಽ.”

“ಹೌದ್ರಿ, ನಾನಽ ಕಲಿಸಿದ್ದು,” ಎಂದ ಬಸವಂತರಾಯ ತಲೆ ಎತ್ತದೆ. ಕೈ ಮಾತ್ರ ಬಿಡಲಿಲ್ಲ.

“ಇರ್ಲಿ ಬಿಡ್ರಿ ಬಾವಾರ. ಹಿಡಕೊಂಡಾನ, ಹಿಡಕೊಳ್ಳಲಿ,” ಎಂದಳು ದೇವಿಂದ್ರಪ್ಪನ ಹೆಂಡತಿ ಶಿವಬಸಮ್ಮ. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

ಹಿಂದಿನ ಸಂಜೆ ತನ್ನ ಟಂಟಂ ಆಟೋ ನಿಲ್ಲಿಸಿ, ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ ದೇವಿಂದ್ರಪ್ಪ ಮತ್ತೆ ಏಳಲಿಲ್ಲ. ಐವತ್ತಾರು ವರ್ಷ. ಅವನ ಟಂಟಂ ಹತ್ತಿ ಊರೂರಿಗೆ ಹೋದವರೆಲ್ಲ ಈಗ ಅಂಗಳದಲ್ಲಿ ಕೂತಿದ್ದರು. ವಿಶ್ವರಾಧ್ಯ ತಮ್ಮನ ಮಗಳು ಕವಿತಾಳನ್ನು ಪಕ್ಕಕ್ಕೆ ಕರೆದ.

“ಮಂದಿ ಮುಂದ ಆ ದವಾಖಾನಿ ಸುದ್ದಿ ತಗೀಬ್ಯಾಡ್ರವ್ವಾ. ಮಠದಾಗ ಆಣಿ ಮಾಡಿ ಗಾಂಜಾ ಬಿಟ್ಟ ಅಂತ ನಾನು ಎಲ್ಲಾರಿಗೂ ಹೇಳೀನಿ. ನಿನ್ನ ಲಗ್ನ ಆಗೂದೈತಿ.”

ಕವಿತಾ ಅಮ್ಮನ ಪಕ್ಕಕ್ಕೆ ಹೋಗಿ ಕೂತಳು. ಅಪ್ಪನ ಮೊಬೈಲು ಅವಳ ಕೈಯಲ್ಲೇ ಇತ್ತು.

*

ಹದಿನಾಲ್ಕು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ದೇವಿಂದ್ರಪ್ಪ ಆರು ವರ್ಷದ ಕವಿತಾಳನ್ನು ಟಂಟಂನಲ್ಲಿ ಕೂರಿಸಿ, “ಈಗ ಬರ್ತೀನಿ, ಕೂಡು” ಎಂದು ಕಾಲುವೆಯ ದಂಡೆಗೆ ಹೋದ. ಅಲ್ಲಿ ಬಸವಂತರಾಯ ಚಿಲುಮೆ ತುಂಬಿಕೊಂಡು ಕಾದಿದ್ದ. ಸಂಜೆ ನಡೆದುಕೊಂಡೇ ಮನೆಗೆ ಬಂದ.

“ಕೂಸೆಲ್ಲಿ?” ಎಂದಳು ಶಿವಬಸಮ್ಮ.

“ಯಾವ ಕೂಸು?” ಎಂದ ಅವನು.

ಅಷ್ಟರಲ್ಲಿ ಕಾಲುವೆ ಹತ್ತಿರದ ಚಹಾದಂಗಡಿಯ ಮೌನಮ್ಮ, ಟಂಟಂನಲ್ಲೇ ಬಿಸಿಲಿಗೆ ಬಾಡಿದ ಹುಡುಗಿಯನ್ನು ಎತ್ತಿಕೊಂಡು ಹೋಗಿ, ತಲೆಗೆ ನೀರು ತಟ್ಟಿ ಮಲಗಿಸಿದ್ದಳು.

ಮರುದಿನ ಶಿವಬಸಮ್ಮ ಬಳಿಚಕ್ರಕ್ಕೆ ಹೋಗಿ ಬಾವನ ಕಾಲು ಹಿಡಿದಳು. “ಯಾದಗಿರಿ ದವಾಖಾನ್ಯಾಗ ಇದಕ್ಕ ಇಲಾಜ್ ಐತಂತ್ರಿ. ನೀವೊಬ್ರು ಸಂಗಾಟ ಬರ್ರಿ.”

“ಹುಚ್ಚರ ಡಾಕ್ಟರ್ ಕಡಿ ನಾ ಬರಂಗಿಲ್ಲ. ಮಠಕ್ಕ ಕರಕೊಂಡು ಹೋಗಿ ಆಣಿ ಮಾಡಸು,” ಎಂದುಬಿಟ್ಟ ವಿಶ್ವರಾಧ್ಯ.

ಅವಳೊಬ್ಬಳೇ ಗಂಡನನ್ನು ಕರೆದುಕೊಂಡು ಹೋದಳು. ಅಲ್ಲಿ ಆಪ್ತಸಮಾಲೋಚಕಿ ಗೌಹರಬೇಗಂ ಇಬ್ಬರ ಮುಖವನ್ನೂ ನೋಡಿ ಕೇಳಿದ ಮೊದಲ ಮಾತು, “ನಾಷ್ಟಾ ಆಗೈತೇನ್ರಿ?” ಶಿವಬಸಮ್ಮ ಅಲ್ಲೇ ಅತ್ತುಬಿಟ್ಟಳು.

“ಎರಡು ವಾರ ತಕಲೀಫ್ ಐತಿ,” ಎಂದು ಆಮೇಲೆ ಅವರು ಬಿಡಿಸಿ ಹೇಳಿದರು. “ನಿದ್ದಿ ಬರಂಗಿಲ್ಲ, ಊಟ ಹೋಗಂಗಿಲ್ಲ, ಸಿಟ್ಟು ಭಾಳ ಬರ್ತೈತಿ. ನಿದ್ದಿಗೆ ಡಾಕ್ಟರು ಸ್ವಲ್ಪ ದಿನ ಗುಳಿಗಿ ಕೊಡ್ತಾರ. ಉಳದದ್ದು ಮಾತಾಡಿ ಮಾತಾಡಿ ದಾಟೂದು. ಗುರುವಾರಕ್ಕೊಮ್ಮೆ ಬರ್ರಿ.”

ದೇವಿಂದ್ರಪ್ಪ ಬೆವರಿದ, ತಾಟು ಎಸೆದ, ಹೆಂಡತಿಗೆ ಬಾಯಿಗೆ ಬಂದಂತೆ ಬಯ್ದ. ಐವತ್ತು ದಿನ ದಾಟಿಸಿದವನು ಒಂದು ಮದುವೆಯಲ್ಲಿ ಮತ್ತೆ ಸೇದಿದ. ಆ ಗುರುವಾರ ತಲೆ ತಗ್ಗಿಸಿ ಕೂತಿದ್ದ.

“ಸೇದಿದ್ನಿರಿ, ಮೇಡಂ.”

“ಮತ್ತ ಇವತ್ತು ಬಂದೀರಲ್ಲ, ಚೊಲೋ ಆತು. ಸೇದೂಕಿಂತ ಮೊದಲ ಏನಾಗಿತ್ತು, ಅದನ್ನ ಹೇಳ್ರಿ.”

ಬಯ್ಗುಳಕ್ಕೆ ಸಿದ್ಧನಾಗಿ ಬಂದಿದ್ದವನು ಮದುವೆಯ ದಿನದ್ದೆಲ್ಲ ಹೇಳತೊಡಗಿದ. ಇನ್ನೊಮ್ಮೆ ಜಾರಿದ, ಆಗಲೂ ತಾನೇ ಹೋಗಿ ಹೇಳಿದ. ಆಮೇಲೆ ಜಾರಲಿಲ್ಲ. ತನ್ನ ಅಗತ್ಯ ಮುಗಿದ ಮೇಲೂ ಗುರುವಾರ ಬಿಡಲಿಲ್ಲ. ಯಾರಾದರೊಬ್ಬರನ್ನು ಕರೆದುಕೊಂಡು ಹೋಗುತ್ತಿದ್ದ. ಪಂಕ್ಚರ್ ಅಂಗಡಿಯ ನವಾಜ್ ಹಾಗೆ ಹೋಗಿಯೇ ಗಾಂಜಾ ಬಿಟ್ಟಿದ್ದ. ಎರಡು ತಿಂಗಳ ಹಿಂದೆ ಬಸವಂತರಾಯ ಬಾಗಿಲಿಗೆ ಬಂದು, “ದೇವಿಂದ್ರಾ, ನನ್ನೂ ಕರಕೊಂಡು ಹೋಗೋ,” ಎಂದಿದ್ದ.

*

ಹೊಲದಲ್ಲಿ ಕುಣಿ ತೆಗೆದಿದ್ದರು. ಹನ್ನೊಂದರ ಹೊತ್ತಿಗೆ ದೇಹವನ್ನು ಇಳಿಸಿ, ವಿಭೂತಿ ಗಟ್ಟಿ ಇಟ್ಟು, ಎಲ್ಲರೂ ಮಣ್ಣು ಹಾಕಿದರು. ಕಡೆಯ ಬುಟ್ಟಿ ಮಣ್ಣು ಬೀಳುವಾಗ ಕವಿತಾಳ ಕೈಯಲ್ಲಿದ್ದ ಮೊಬೈಲು ರಿಂಗಾಯಿತು.

“ದೇವಿಂದ್ರಪ್ಪಾರ, ಬರಾಕತ್ತೀರೇನು? ಇವತ್ತು ಗುರುವಾರ, ಬಸವಂತರಾಯಾರ ಪಾಳಿ ಐತಿ,” ಎಂದಿತು ಆಚೆಯ ದನಿ.

ಕವಿತಾ ಸುದ್ದಿ ಹೇಳಿದಳು. “ನಾ ನಾಲ್ಕರ ತನಕ ಇರ್ತೀನಿ, ಬೇಟಾ. ಬಸವಂತರಾಯಾರಿಗೆ ಹೇಳು,” ಎಂದರು ಗೌಹರಬೇಗಂ.

“ಯಾರದವ್ವಾ ಫೋನು?” ಎಂದ ವಿಶ್ವರಾಧ್ಯ.

ಸುತ್ತ ನಿಂತವರೆಲ್ಲ ಅವಳನ್ನೇ ನೋಡುತ್ತಿದ್ದರು.

“ಗೌಹರ ಮೇಡಮ್ಮಾರು, ದೊಡ್ಡಪ್ಪಾ. ಅಪ್ಪನ ಗಾಂಜಾ ಬಿಡಿಸಿದವ್ರು,” ಎಂದಳು ಕವಿತಾ, ಎಲ್ಲರಿಗೂ ಕೇಳುವಂತೆ. “ಅವರಿಂದನಽ ನನಗ ಹದಿನಾಲ್ಕು ವರ್ಷ ಅಪ್ಪ ಇದ್ದ. ಅದನ್ನ ಯಾಕ ಮುಚ್ಚಬೇಕ್ರಿ?”

ಗುಂಪಿನ ಹಿಂದಿನಿಂದ ನವಾಜ್, “ನಂದೂ ಬಿಡಿಸ್ಯಾರ್ರಿ. ದೇವಿಂದ್ರಣ್ಣನಽ ನನ್ನ ಕರಕೊಂಡು ಹೋಗಿದ್ದ,” ಎಂದು ಮುಖ ಒರೆಸಿಕೊಂಡ.

ಶಿವಬಸಮ್ಮ ಬಸವಂತರಾಯನ ಕಡೆ ತಿರುಗಿದಳು. “ಯಣ್ಣಾ, ಒಂದರ ಬಸ್ಸಿಗೆ ಹೋಗು.”

“ಇವತ್ತೊಂದಿನ ಬ್ಯಾಡ ತಂಗಿ. ಮುಂಜಾನಿಂದ ಒಂದಽ ಸಮ ಸೇದಬೇಕು ಅನಸಾಕತ್ತೈತಿ. ಅವರ ಮುಂದ ಹ್ಯಾಂಗ ಕೂಡ್ಲಿ?”

“ಅದಕ್ಕಽ ಇವತ್ತಽ ಹೋಗಬೇಕು. ನಾ ಬರೂಹಂಗಿಲ್ಲ. ನಿನ್ನ ಒಬ್ಬನ್ನಽ ಕಳಸಾಕೂ ಮನಸಿಲ್ಲ.” ಸುತ್ತ ನೋಡಿದಳು. ಬಾವನನ್ನು ಅವಳು ಕೇಳಲಿಲ್ಲ.

ವಿಶ್ವರಾಧ್ಯ ತಮ್ಮನ ಮೇಲಿನ ಹಸಿ ಮಣ್ಣನ್ನು ನೋಡುತ್ತ ನಿಂತಿದ್ದ. ಆಮೇಲೆ ಹೆಗಲ ಟವೆಲು ಝಾಡಿಸಿ, “ಜಳಕ ಮಾಡಿ ಬಾರಪಾ ಬಸವಂತರಾಯ. ನಾ ಬರ್ತೀನಿ ಸಂಗಾಟ,” ಎಂದ. ಶಿವಬಸಮ್ಮ ಸೆರಗು ಬಾಯಿಗೊತ್ತಿ ಅವನಿಗೆ ಕೈ ಮುಗಿದಳು. “ಬ್ಯಾಡ ಬಿಡವ್ವಾ. ಅವತ್ತ ಬರಬೇಕಾಗಿತ್ತು ನಾ,” ಎಂದನವನು.

ಎರಡೂವರೆಗೆ ಇಬ್ಬರೂ ಯಾದಗಿರಿ ದವಾಖಾನೆಯ ಬೆಂಚಿನ ಮೇಲಿದ್ದರು. ಚೀಟಿ ಬರೆಯುವವಳು, “ಸಂಗಾಟ ಬಂದವ್ರು ಏನಾಗಬೇಕ್ರಿ?” ಎಂದು ಕೇಳಿದಳು. ವಿಶ್ವರಾಧ್ಯ ಬಸವಂತರಾಯನನ್ನು ನೋಡಿ, “ಅಣ್ಣ,” ಎಂದ.

ಒಳಗಿನಿಂದ ಬಸವಂತರಾಯನ ಹೆಸರು ಕರೆದರು. ಇಬ್ಬರೂ ಎದ್ದು ನಿಂತರು.